ಅಡ್ಡಕ್ಕೆ ಸಿರಿ, ಎತ್ತರಕ್ಕೆ ಬಡತನ: ಲ್ಯಾಪ್‌ಟಾಪ್ ಪರದೆಗೆ ಎಷ್ಟು ಪಿಕ್ಸೆಲ್ ಸಾಕು?

ಮಹಾರಾಷ್ಟ್ರದ ಗಡಿಯ ಊರು ಉದಗೀರದ ಪೇಟೆಯಲ್ಲಿ ಅಂಗಡಿಗಳ ಫಲಕ ಓದುತ್ತ ಹೋದರೆ ದೇವನಾಗರಿ, ಉರ್ದುವಿನ ನಸ್ತಾಲೀಖ್, ರೋಮನ್ ಮೂರೂ ಕಣ್ಣಿಗೆ ಬೀಳುತ್ತವೆ. ನಾಲ್ಕನೆಯ ಲಿಪಿಯಾದ ಕನ್ನಡ ಫಲಕಗಳ ಮೇಲೆ ಅಷ್ಟಾಗಿ ಕಾಣದು. ಅದು ಮನೆಗಳಲ್ಲಿ, ಮಠಗಳಲ್ಲಿ, ಭಾಲ್ಕಿ–ಬೀದರ ಕಡೆಯ ಬೀಗರು ಕಳಿಸುವ ಲಗ್ನಪತ್ರಿಕೆಗಳಲ್ಲಿ ಇರುತ್ತದೆ. ನಿಲಂಗಾದಲ್ಲೂ ಉಮರ್ಗಾದಲ್ಲೂ ಹೆಚ್ಚುಕಡಿಮೆ ಇದೇ ಸ್ಥಿತಿ. ಉಮರ್ಗಾದಿಂದ ಸೋಲಾಪುರ–ಹೈದರಾಬಾದ್ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಕರ್ನಾಟಕದ ಬಸವಕಲ್ಯಾಣ ತಾಲೂಕು ಸಿಗುತ್ತದೆ. ಹೊಲ ಆ ಕಡೆ, ಮನೆ ಈ ಕಡೆ ಇರುವ ಕುಟುಂಬ ಮಹಾರಾಷ್ಟ್ರದ ಸಾತ್‌ಬಾರಾ ಉತಾರವನ್ನು ಮರಾಠಿಯಲ್ಲೂ ಕರ್ನಾಟಕದ ಪಹಣಿಯನ್ನು ಕನ್ನಡದಲ್ಲೂ ಓದಬೇಕು. ಈಗ ಎರಡೂ ಸಿಗುವುದು ಕಂಪ್ಯೂಟರಿನ ಪರದೆಯ ಮೇಲೆ.

ಆದ್ದರಿಂದ ಪರದೆಯ ರೆಸಲ್ಯೂಶನ್ ಎಷ್ಟಿರಬೇಕು ಎಂಬ ಪ್ರಶ್ನೆಗೆ ಈ ಗಡಿಪಟ್ಟಿಯಷ್ಟು ಒಳ್ಳೆಯ ಪರೀಕ್ಷಾಸ್ಥಳ ಸಿಗುವುದು ಕಷ್ಟ. ಒಂದೇ ಲ್ಯಾಪ್‌ಟಾಪಿನ ಮೇಲೆ ಒಂದೇ ದಿನ ನಾಲ್ಕು ಲಿಪಿ ಹಾದುಹೋಗುತ್ತವೆ, ಮತ್ತು ನಾಲ್ಕಕ್ಕೂ ಪರದೆಯಿಂದ ಬೇಕಾದದ್ದು ಬೇರೆ ಬೇರೆ. ‘ಲಾತೂರ್ ಪ್ಯಾಟರ್ನ್’ ಎಂದು ಹೆಸರಾದ ಕೋಚಿಂಗ್ ಲೋಕಕ್ಕೆ ಮಕ್ಕಳನ್ನು ಕಳಿಸುವ ತಂದೆತಾಯಿ ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಕೇಳುವುದು ರ‍್ಯಾಮ್ ಎಷ್ಟು, ಹಾರ್ಡ್‌ಡಿಸ್ಕ್ ಎಷ್ಟು ಎಂದು. ಪರದೆಯ ವಿಷಯಕ್ಕೆ ಬಂದರೆ 15.6 ಇಂಚು ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಇಂಚು ಹೇಳುವುದು ಗಾಜಿನ ಅಳತೆಯನ್ನು. ಆ ಗಾಜಿನೊಳಗೆ ಎಷ್ಟು ಪಿಕ್ಸೆಲ್ ಇವೆ, ಅವುಗಳಲ್ಲಿ ಎಷ್ಟನ್ನು ನಮ್ಮ ಅಕ್ಷರ ನಿಜವಾಗಿ ಬಳಸುತ್ತದೆ ಎಂಬುದು ಬೇರೆಯೇ ಲೆಕ್ಕ. ಈ ಲೆಕ್ಕದ ಸುತ್ತ ನಲವತ್ತು ವರ್ಷಗಳಿಂದ ವಾದ ನಡೆದಿದೆ.

ಎಂಟು ಪಿಕ್ಸೆಲಿನ ಮನೆಯಿಂದ

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಸಿಜಿಎ ಕಾರ್ಡು ಒಂದು ಅಕ್ಷರಕ್ಕೆ ಕೊಟ್ಟ ಜಾಗ ಅಡ್ಡಕ್ಕೆ 8, ಎತ್ತರಕ್ಕೆ 8 ಪಿಕ್ಸೆಲ್. ಇಂಗ್ಲಿಷ್ ಅಕ್ಷರಗಳು ಅದರಲ್ಲಿ ಹೇಗೋ ಕೂತವು. ತಲೆಕಟ್ಟು, ಒಡಲು, ಅಡಿಯಲ್ಲಿ ಒತ್ತು ಇರುವ ಕನ್ನಡಕ್ಕೆ ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಭಾರತೀಯ ಲಿಪಿಗಳಿಗೆ ಬಂದ ಮೊದಲ ಗಟ್ಟಿ ಪರಿಹಾರ ಯಂತ್ರಾಂಶದ ಕಡೆಯಿಂದಲೇ. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಕೂಡಿಸಿದರೆ ದೇವನಾಗರಿ, ಕನ್ನಡ, ತೆಲುಗು ಅಕ್ಷರಗಳು ಪರದೆಗೆ ಬರುತ್ತಿದ್ದವು. 1987ರ ವಿಜಿಎ ಒಂದು ಅಕ್ಷರಕ್ಕೆ 9×16ರ ಮನೆ ಕೊಟ್ಟಿತು. ಎತ್ತರ ಇಮ್ಮಡಿಯಾಯಿತು, ಅಗಲ ಹೆಚ್ಚುಕಡಿಮೆ ಹಾಗೇ ಉಳಿಯಿತು. ನಮ್ಮ ಲಿಪಿಗೆ ಅದು ದೊಡ್ಡ ಉಪಕಾರ, ಉಪಕಾರ ಮಾಡುವ ಉದ್ದೇಶ ಅವರಿಗೆ ಇರಲಿಲ್ಲವಾದರೂ.

ಇದೇ ಕಾಲದಲ್ಲಿ ಇನ್ನೊಂದು ತೀರ್ಮಾನವಾಯಿತು. ಅದರ ಪರಿಣಾಮವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. 1984ರ ಮ್ಯಾಕಿಂಟಾಷ್ ಇಂಚಿಗೆ 72 ಪಿಕ್ಸೆಲ್ ಎಂದು ಹಿಡಿಯಿತು. ಮುದ್ರಣದ ಒಂದು ಪಾಯಿಂಟಿಗೆ ಪರದೆಯ ಒಂದು ಪಿಕ್ಸೆಲ್. ಮೈಕ್ರೋಸಾಫ್ಟ್ ಅದನ್ನು ಮೂರರಲ್ಲಿ ಒಂದು ಪಾಲು ಏರಿಸಿ 96 ಎಂದಿತು. ಈ ಲೆಕ್ಕದಲ್ಲಿ 12 ಪಾಯಿಂಟಿನ ಅಕ್ಷರಕ್ಕೆ ವಿಂಡೋಸ್‌ನಲ್ಲಿ 16 ಪಿಕ್ಸೆಲ್ ಎತ್ತರದ ಮನೆ. ಪರದೆಯ ನಿಜವಾದ ಇಂಚಿನಲ್ಲಿ ಎಷ್ಟೇ ಪಿಕ್ಸೆಲ್ ಇರಲಿ, ತಂತ್ರಾಂಶ ಮಾತ್ರ ಈ ಕಾಲ್ಪನಿಕ ಇಂಚನ್ನೇ ನಂಬಿ ನಡೆಯಿತು.

ಲ್ಯಾಪ್‌ಟಾಪಿನ ಕಥೆ ಇನ್ನೂ ಸ್ವಾರಸ್ಯದ್ದು. 1992ರ ಥಿಂಕ್‌ಪ್ಯಾಡ್ 700ಸಿ 10.4 ಇಂಚಿನ ಬಣ್ಣದ ಪರದೆಯಲ್ಲಿ 640×480 ಕೊಟ್ಟಿತು. ಕೆಲವೇ ವರ್ಷಗಳಲ್ಲಿ 1024×768 ಸಾಮಾನ್ಯವಾಯಿತು. ಆಮೇಲೆ ಪರದೆ ಅಡ್ಡಕ್ಕೆ ಹಿಗ್ಗಿ 1280×800 ಬಂತು. ಅದರ ಹಿಂದೆಯೇ ಟಿವಿಯ 16:9 ಆಕಾರ ಲ್ಯಾಪ್‌ಟಾಪಿಗೂ ಬಂದು 1366×768 ಎಂಬ ವಿಚಿತ್ರ ಸಂಖ್ಯೆ ನೆಲೆಯೂರಿತು. 768ನ್ನು 16ರಿಂದ ಗುಣಿಸಿ 9ರಿಂದ ಭಾಗಿಸಿದರೆ 1365.33 ಬರುತ್ತದೆ, ಅದನ್ನೇ ಮೇಲಕ್ಕೆ ಸರಿಹೊಂದಿಸಿದ್ದು. 2012ರ ಏಪ್ರಿಲ್‌ನಲ್ಲಿ ಈ ರೆಸಲ್ಯೂಶನ್ 1024×768ನ್ನು ಹಿಂದಿಕ್ಕಿ ಜಗತ್ತಿನ ಅತಿ ಹೆಚ್ಚು ಬಳಕೆಯ ಪರದೆ ಆಯಿತೆಂದು ಸ್ಟ್ಯಾಟ್‌ಕೌಂಟರ್ ಹೇಳಿತು. ಎತ್ತರದ ಸಂಖ್ಯೆಗಳನ್ನಷ್ಟೇ ಸಾಲಾಗಿ ಇಟ್ಟು ನೋಡಿ: 768, 800, ಮತ್ತೆ 768. ಅಗ್ಗದ ನೆಟ್‌ಬುಕ್‌ಗಳಲ್ಲಿ ಬರೀ 600. ಪ್ರಗತಿ ಎಂದು ಮಾರಿದ್ದೆಲ್ಲ ಅಡ್ಡಕ್ಕೆ ಆದ ಪ್ರಗತಿ.

ಹೆಚ್ಚು ಪಿಕ್ಸೆಲ್ ಮಾಡುವುದು ಆಗ ಅಸಾಧ್ಯವೇನೂ ಆಗಿರಲಿಲ್ಲ. 2001ರಲ್ಲೇ ಐಬಿಎಂ 22.2 ಇಂಚಿನ ಟಿ220 ಪರದೆಯಲ್ಲಿ 3840×2400 ಪಿಕ್ಸೆಲ್ ಕೂಡಿಸಿ, ಇಂಚಿಗೆ 204ರ ಸಾಂದ್ರತೆ ಸಾಧಿಸಿತ್ತು. ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ. ಲ್ಯಾಪ್‌ಟಾಪಿನಲ್ಲಿ ಈ ಮಟ್ಟ ಮಾರುಕಟ್ಟೆಯ ಮಾತಾದದ್ದು 2012ರ ಜೂನ್‌ನಲ್ಲಿ. ಆಪಲ್‌ನ 15.4 ಇಂಚಿನ ಮ್ಯಾಕ್‌ಬುಕ್ ಪ್ರೊ 2880×1800 ಪಿಕ್ಸೆಲ್, ಅಂದರೆ ಇಂಚಿಗೆ 220, ಹೊತ್ತು ಬಂತು. ಅಲ್ಲಿಂದ ಪ್ರಶ್ನೆಯ ಮುಖ ಬದಲಾಯಿತು. ಅಲ್ಲಿಯವರೆಗೆ ‘ಇಷ್ಟರಲ್ಲಿ ಹೇಗೆ ಓದುವುದು’ ಎಂಬ ಗೊಣಗು. ಅಲ್ಲಿಂದಾಚೆ ‘ಎಷ್ಟರ ನಂತರ ದಂಡ’ ಎಂಬ ಜಗಳ.

ಕಣ್ಣೇ ಮಿತಿ ಎನ್ನುವವರು

ಮೊದಲ ಪಂಥ ಉತ್ತರವನ್ನು ಕಣ್ಣಿನಲ್ಲಿ ಹುಡುಕುತ್ತದೆ. 1862ರಲ್ಲಿ ಡಚ್ ನೇತ್ರವೈದ್ಯ ಹರ್ಮನ್ ಸ್ನೆಲ್ಲೆನ್ ರೂಪಿಸಿದ ಅಕ್ಷರಪಟ್ಟಿ ಇಂದಿಗೂ ಕಣ್ಣಿನ ಆಸ್ಪತ್ರೆಯ ಗೋಡೆಯ ಮೇಲಿದೆ. ಅದರ ನಿಯಮ ಇಷ್ಟೇ: ಸಾಮಾನ್ಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನದ ಗೆರೆಯನ್ನು ಗುರುತಿಸಬಲ್ಲದು, ಅಕ್ಷರದ ಎತ್ತರ ಅದರ ಐದು ಪಟ್ಟು ಇರಬೇಕು. ಈ ಪ್ರಕಾರ ಒಂದು ಡಿಗ್ರಿಯೊಳಗೆ 60 ಪಿಕ್ಸೆಲ್ ತುಂಬಿದರೆ ಸಾಕು. ಲ್ಯಾಪ್‌ಟಾಪನ್ನು 50 ಸೆಂಟಿಮೀಟರ್ ದೂರದಲ್ಲಿಟ್ಟು ಓದುವವನಿಗೆ ಒಂದು ಡಿಗ್ರಿ ಎಂದರೆ ಪರದೆಯ ಮೇಲೆ ಸುಮಾರು 8.7 ಮಿಲಿಮೀಟರ್. ಹಾಗಾದರೆ ಇಂಚಿಗೆ 175 ಪಿಕ್ಸೆಲ್ ಇದ್ದರೆ ಮಿತಿ ಮುಟ್ಟಿದಂತೆ.

2010ರಲ್ಲಿ ಐಫೋನ್ 4 ಬಿಡುಗಡೆ ಮಾಡುತ್ತ ಸ್ಟೀವ್ ಜಾಬ್ಸ್, ಕೈಯಲ್ಲಿ ಹಿಡಿದು ನೋಡುವ ದೂರದಲ್ಲಿ ಇಂಚಿಗೆ ಸುಮಾರು 300 ದಾಟಿದರೆ ಕಣ್ಣು ಪಿಕ್ಸೆಲನ್ನು ಬೇರ್ಪಡಿಸಿ ನೋಡಲಾರದು ಎಂದರು. ಪರದೆಗಳ ಪರೀಕ್ಷಕ ರೇಮಂಡ್ ಸೊನೈರಾ ಒಪ್ಪಲಿಲ್ಲ. ಒಳ್ಳೆಯ ಕಣ್ಣಿನ ಮಿತಿ ಇನ್ನೂ ಸೂಕ್ಷ್ಮ, 12 ಇಂಚು ದೂರಕ್ಕೆ 477 ಬೇಕು ಎಂದು ಅವರ ವಾದ. ಸಾಧಾರಣ ಕಣ್ಣಿನ ಮಟ್ಟಿಗೆ ಜಾಬ್ಸ್ ಹೇಳಿದ್ದು ಸರಿಯೇ ಎಂದು ಖಗೋಳ ವಿಜ್ಞಾನಿ ಫಿಲ್ ಪ್ಲೇಟ್ ನಡುವೆ ಬಂದರು. ಜಾಬ್ಸ್, ಸೊನೈರಾ ಇಬ್ಬರೂ ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಬ್ಬರು ಸರಾಸರಿ ಕಣ್ಣನ್ನು ಹಿಡಿದರು, ಇನ್ನೊಬ್ಬರು ಅತ್ಯುತ್ತಮ ಕಣ್ಣನ್ನು.

2025ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಮೆಟಾ ಸಂಸ್ಥೆಯ ಸಂಶೋಧಕರು ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಳತೆ ಈ ವಾದಕ್ಕೆ ಹೊಸ ಸಂಖ್ಯೆ ಕೊಟ್ಟಿತು. ಕಪ್ಪು-ಬಿಳುಪು ವಿವರಕ್ಕೆ ಕಣ್ಣಿನ ಮಿತಿ ಡಿಗ್ರಿಗೆ 94 ಪಿಕ್ಸೆಲ್, ಕೆಂಪು-ಹಸಿರಿಗೆ 89, ಹಳದಿ-ನೇರಳೆಗೆ ಬರೀ 53. ನಮ್ಮ 50 ಸೆಂಟಿಮೀಟರ್ ದೂರಕ್ಕೆ ಇಳಿಸಿದರೆ ಕಪ್ಪು ಅಕ್ಷರಕ್ಕೆ ಇಂಚಿಗೆ ಸುಮಾರು 274. ಈಗ ಅಂಗಡಿಯ ಸರಕನ್ನು ಇದರ ಪಕ್ಕದಲ್ಲಿಡಿ. 15.6 ಇಂಚಿನ 1366×768 ಪರದೆಯಲ್ಲಿ ಇಂಚಿಗೆ ಸುಮಾರು 100. ಅದೇ ಗಾತ್ರದ 1920×1080ರಲ್ಲಿ 141. 4ಕೆ ಪರದೆಯಲ್ಲಿ 282. ಎಂದರೆ ಗಡಿಯ ಊರುಗಳ ಮೇಜಿನ ಮೇಲಿರುವ 768ರ ಪರದೆ ಕಣ್ಣಿನ ಶಕ್ತಿಯ ಅರ್ಧಕ್ಕೂ ಬಂದಿಲ್ಲ.

ಈ ಪಂಥ ಒಂದು ವಿಷಯವನ್ನು ಚೆನ್ನಾಗಿ ವಿವರಿಸುತ್ತದೆ: 4ಕೆ ಆಚೆಗಿನ ಲ್ಯಾಪ್‌ಟಾಪ್ ಏಕೆ ಬೇಡ ಎಂಬುದನ್ನು. ಆದರೆ ‘ಕಾಣುತ್ತದೆ’ ಎಂಬುದಕ್ಕೂ ‘ಓದಲು ಬೇಕು’ ಎಂಬುದಕ್ಕೂ ನಡುವೆ ಇರುವ ದೂರದ ಬಗ್ಗೆ ಅದು ಮೌನ. ಇನ್ನೊಂದು ತೊಡಕೂ ಇದೆ. ಎರಡು ಗೆರೆ ಒಂದಕ್ಕೊಂದು ಸರಿಯಾಗಿ ಸೇರಿವೆಯೋ ಸ್ವಲ್ಪ ಜರುಗಿವೆಯೋ ಎಂದು ಗುರುತಿಸುವುದರಲ್ಲಿ ಕಣ್ಣು ಸ್ನೆಲ್ಲೆನ್ ಮಿತಿಗಿಂತ ಎಷ್ಟೋ ಪಟ್ಟು ಚುರುಕು. 1975ರಲ್ಲಿ ಗೆರಾಲ್ಡ್ ವೆಸ್ಟ್‌ಹೈಮರ್ ಇದಕ್ಕೆ ಅತಿಸೂಕ್ಷ್ಮತೆ ಎಂಬರ್ಥದ ಹೆಸರಿಟ್ಟರು. ಅಡಕೆ ಅಡಕೆಯಾಗಿ ದುಂಡಗಿರುವ ಕನ್ನಡದ ಬಾಗು ಮೆಟ್ಟಿಲು ಮೆಟ್ಟಿಲಾಗಿ ಕಂಡಾಗ ಆಗುವ ಕಿರಿಕಿರಿಗೆ ಇದೇ ಕಾರಣ.

ಲಿಪಿ ನೋಡಿ ಅಳೆಯಿರಿ ಎನ್ನುವವರು

ಎರಡನೆಯ ಪಂಥದಲ್ಲಿ ಅಕ್ಷರ ವಿನ್ಯಾಸಕರು, ಭಾಷಾ ತಂತ್ರಜ್ಞರು, ದಿನವಿಡೀ ಟೈಪಿಸುವವರು ಇದ್ದಾರೆ. ಕಣ್ಣು ಎಲ್ಲರಿಗೂ ಒಂದೇ ಇರಬಹುದು, ಅಕ್ಷರ ಒಂದೇ ಅಲ್ಲವಲ್ಲ ಎಂಬುದು ಇವರ ತಕರಾರು. ನನ್ನ ಒಲವೂ ಈ ಕಡೆಗೇ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ನಿಲ್ಲುತ್ತೇನೆ.

12 ಪಾಯಿಂಟಿನ 16 ಪಿಕ್ಸೆಲ್ ಎತ್ತರದ ಮನೆಯನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ಸಣ್ಣಕ್ಷರದ ಒಡಲು ಅದರಲ್ಲಿ ಸುಮಾರು ಅರ್ಧ ತೆಗೆದುಕೊಳ್ಳುತ್ತದೆ. ಮೇಲೆ ಕೆಳಗೆ ಚಾಚುವುದು ಬರೀ ಒಂದು ಕಡ್ಡಿ ಅಥವಾ ಕೊಕ್ಕೆ. ಕನ್ನಡದಲ್ಲಿ ಒಡಲಿಗೂ ಅಷ್ಟೇ ಸಿಗುತ್ತದೆ, ಅದರ ಮೇಲೆ ತಲೆಕಟ್ಟು ಇಲ್ಲವೇ ಗುಣಿತದ ಗುರುತು ಕೂರಬೇಕು, ಕೆಳಗೆ ಉಳಿದ ನಾಲ್ಕೈದು ಪಿಕ್ಸೆಲ್‌ನಲ್ಲಿ ಇಡೀ ಒಂದು ವ್ಯಂಜನ ಒತ್ತಾಗಿ ಮುದುಡಬೇಕು. ಒಂದು ಸುಳಿ ಸುಳಿಯಾಗಿ ಕಾಣಲು ಕನಿಷ್ಠ ಮೂರು ಸಾಲು ಬೇಕು: ಮೇಲೊಂದು ಗೆರೆ, ನಡುವೆ ಬಯಲು, ಕೆಳಗೊಂದು ಗೆರೆ. ಎರಡು ಸುಳಿಗೆ ಐದು. ‘ಮಹಾರಾಷ್ಟ್ರ’ ಎಂದು ಬರೆಯುವಾಗ ಷಕಾರದ ಅಡಿಯಲ್ಲಿ ಟಕಾರವೂ ಅದರ ಪಕ್ಕಕ್ಕೆ ರಕಾರವೂ ಬರುತ್ತವೆ. 100ರ ಸಾಂದ್ರತೆಯ ಪರದೆಯಲ್ಲಿ ಆ ಟಕಾರ ಒಂದು ಮಸಿಯ ಕಲೆ. ನಾವು ಅದನ್ನು ಓದುವುದಿಲ್ಲ, ಊಹಿಸುತ್ತೇವೆ. ಪರಿಚಿತ ಪದವಾದರೆ ಊಹೆ ನಡೆದೀತು. ಹೆಸರು, ಅಡ್ಡಹೆಸರು, ಊರಿನ ಹೆಸರು ಬಂದಾಗ ಊಹೆ ಕೈಕೊಡುತ್ತದೆ.

ಮಹಾಪ್ರಾಣದ ಕಥೆ ಇದಕ್ಕಿಂತ ಕಷ್ಟದ್ದು. ದ–ಧ, ಡ–ಢ, ಬ–ಭ, ಪ–ಫ ಜೋಡಿಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಪುಟ್ಟ ಸೀಳು. ಸಣ್ಣ ಅಕ್ಷರದಲ್ಲಿ ಅದರ ಪಾಲಿಗೆ ಬರುವುದು ಒಂದು ಪಿಕ್ಸೆಲ್, ಕೆಲವೊಮ್ಮೆ ಅದೂ ಬೂದುಬಣ್ಣದ್ದು. ಉಮರ್ಗಾ ತಾಲೂಕು ಇರುವ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. ಮಂದ ಪರದೆಯ ಮೇಲೆ ಕನ್ನಡದಲ್ಲಿ ಅದು ‘ದಾರಾಶಿವ’ವಾಗುತ್ತದೆ. ಅದೇ ಪದವನ್ನು ಮರಾಠಿಯಲ್ಲಿ ಬರೆದು ನೋಡಿ: ದೇವನಾಗರಿಯ ಧಕಾರಕ್ಕೂ ಘಕಾರಕ್ಕೂ ಮುಖ್ಯ ವ್ಯತ್ಯಾಸ ತಲೆಗೆರೆ ಬಿಟ್ಟಿದೆಯೋ ಕೂಡಿದೆಯೋ ಎಂಬುದು. ಬಿಡುವು ತುಂಬಿಕೊಂಡರೆ ‘ಘಾರಾಶಿವ’. ಒಂದೇ ಪದ ಎರಡು ಲಿಪಿಯಲ್ಲೂ ಮೊದಲ ಅಕ್ಷರದಲ್ಲೇ ಎಡವುತ್ತದೆ, ಆದರೆ ಕನ್ನಡ ಎಡವುವುದು ಬುಡದಲ್ಲಿ, ಮರಾಠಿ ಎಡವುವುದು ತಲೆಯಲ್ಲಿ.

ಹಾಗೆಂದು ಎರಡೂ ಲಿಪಿಗೆ ಪಿಕ್ಸೆಲ್ ಒಂದೇ ರೀತಿ ಕಾಟ ಕೊಡುತ್ತದೆ ಎನ್ನುವಂತಿಲ್ಲ. ಪರದೆ ಎಂದರೆ ಚೌಕುಳಿಗಳ ಜಾಲ. ದೇವನಾಗರಿಯ ತಲೆಗೆರೆ ಮಟ್ಟಸ, ಅದು ಒಂದು ಸಾಲಿನ ಮೇಲೆ ನೇರವಾಗಿ ಕೂರುತ್ತದೆ. ಅದರ ಕಂಬ ನೆಟ್ಟಗೆ, ಒಂದು ಕಂಬಸಾಲಿನಲ್ಲಿ ನಿಲ್ಲುತ್ತದೆ. ಸಂಯುಕ್ತಾಕ್ಷರಗಳು ಬಹುಪಾಲು ಅರ್ಧಾಕ್ಷರವಾಗಿ ಪಕ್ಕಕ್ಕೆ ಬೆಳೆಯುತ್ತವೆ. ಕನ್ನಡದಲ್ಲಿ ನೇರ ಗೆರೆಯೇ ಅಪರೂಪ, ಸಂಯುಕ್ತಾಕ್ಷರ ಬೆಳೆಯುವುದು ಕೆಳಕ್ಕೆ. ಉರ್ದುವಿನ ನಸ್ತಾಲೀಖ್ ಇನ್ನೂ ದುಬಾರಿ. ಅಲ್ಲಿ ಪ್ರತಿ ಪದವೂ ಬಲದ ಮೇಲಿನಿಂದ ಎಡದ ಕೆಳಕ್ಕೆ ಇಳಿಜಾರಾಗಿ ಹರಿಯುತ್ತದೆ. 1981ರ ನೂರಿ ನಸ್ತಾಲೀಖ್ ಅಕ್ಷರಗಳೂ 1994ರ ಇನ್‌ಪೇಜ್ ತಂತ್ರಾಂಶವೂ ಮುದ್ರಣವನ್ನು ಸುಲಭ ಮಾಡಿದವು, ಆದರೆ ಪರದೆಯ ಮೇಲೆ ಆ ಇಳಿಜಾರಿಗೆ ಸಾಲಿನ ಎತ್ತರ ಹೆಚ್ಚಿಸದೆ ಗತಿಯಿಲ್ಲ. ಉದಗೀರದ ಕನ್ನಡ ಮನೆಗೂ ಉರ್ದು ಮನೆಗೂ ಈ ವಿಷಯದಲ್ಲಿ ಒಂದೇ ಕೊರಗು.

ಇಲ್ಲಿಯೇ ತಂತ್ರಜ್ಞಾನದ ಇತಿಹಾಸದ ಒಂದು ಪಕ್ಷಪಾತ ಬಯಲಾಗುತ್ತದೆ. 1998ರಲ್ಲಿ ಮೈಕ್ರೋಸಾಫ್ಟ್ ಕ್ಲಿಯರ್‌ಟೈಪ್ ಎಂಬ ಉಪಾಯ ಪ್ರಕಟಿಸಿತು. 2001ರ ವಿಂಡೋಸ್ ಎಕ್ಸ್‌ಪಿ ಅದನ್ನು ಮನೆಮನೆಗೆ ತಂದಿತು. ಎಲ್‌ಸಿಡಿಯ ಪ್ರತಿ ಪಿಕ್ಸೆಲ್ ಒಳಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಲಂಬ ಪಟ್ಟಿಗಳಿವೆ. ಅವನ್ನು ಬೇರೆ ಬೇರೆಯಾಗಿ ಬೆಳಗಿಸಿದರೆ ಅಡ್ಡಕ್ಕೆ ಮೂರು ಪಟ್ಟು ಸೂಕ್ಷ್ಮತೆ ಸಿಕ್ಕಂತಾಗುತ್ತದೆ. ಲಂಬ ಕಡ್ಡಿಗಳ ಮೇಲೆ ನಿಂತ ರೋಮನ್ ಲಿಪಿಗೆ ಇದು ವರ. ಕಂಬವಿರುವ ದೇವನಾಗರಿಗೂ ಸಾಕಷ್ಟು ಲಾಭ. ಎತ್ತರದ ದಿಕ್ಕಿನಲ್ಲಿ ಮಾತ್ರ ಹಳೆಯ ಕ್ಲಿಯರ್‌ಟೈಪ್ ಏನನ್ನೂ ನಯಗೊಳಿಸಲಿಲ್ಲ. ಒತ್ತಕ್ಷರಕ್ಕೆ ಬೇಕಾದದ್ದೋ ಎತ್ತರವೇ. ಅದೇ ಎಕ್ಸ್‌ಪಿಯ ಜೊತೆ ತುಂಗಾ ಎಂಬ ಕನ್ನಡ ಯುನಿಕೋಡ್ ಫಾಂಟ್ ಬಂದು ಪರದೆಯ ಮೇಲೆ ಕನ್ನಡ ಸಲೀಸಾಯಿತು ಎಂದು ನಾವು ಸಂಭ್ರಮಿಸಿದ್ದು ನಿಜ. ಅಕ್ಷರದ ಬಾಗುಗಳು ಹರಿದ ಗರಗಸದಂತೆ ಕಂಡದ್ದೂ ಅಷ್ಟೇ ನಿಜ. ಲಂಬ ದಿಕ್ಕಿನಲ್ಲೂ ಅಂಚು ನಯಗೊಳಿಸುವ ಡೈರೆಕ್ಟ್‌ರೈಟ್ 2009ರ ವಿಂಡೋಸ್ 7ರಲ್ಲಿ ಬಂತು. ವಿಂಡೋಸ್‌ನಲ್ಲಿ ಗೂಗಲ್ ಕ್ರೋಮ್ ಬ್ರೌಸರ್ ಅದಕ್ಕೆ ಬದಲಾದದ್ದು 2014ರಲ್ಲಿ. ಪರದೆ ಬದಲಾಗದೆಯೇ ಕನ್ನಡದ ಸುದ್ದಿ ಸ್ವಲ್ಪ ಸುಲಭವಾಗಿ ಓದುವಂತಾದದ್ದಕ್ಕೆ ಇದೂ ಒಂದು ಕಾರಣ. 2012ರ ವಿಂಡೋಸ್ 8ರ ನಿರ್ಮಲಾ ಯುಐ ಫಾಂಟ್, ಆಮೇಲೆ ನೋಟೊ ಸಾನ್ಸ್ ಕನ್ನಡದಂಥವು ಉಳಿದ ಕೆಲಸ ಮಾಡಿದವು.

ಈ ಪಂಥದ ದುರ್ಬಲ ಜಾಗ ಯಾವುದು? ‘ಅಕ್ಷರ ದೊಡ್ಡದು ಮಾಡಿಕೊಳ್ಳಿ’ ಎಂಬ ಸರಳ ಉತ್ತರ. 12 ಪಾಯಿಂಟಿನಲ್ಲಿ ಕಾಣದ ಒತ್ತು 18ರಲ್ಲಿ ಕಾಣುತ್ತದೆ; ಪರದೆ ಬದಲಿಸುವ ಖರ್ಚು ಏಕೆ? ಚಾಳೀಸು ಬಂದ ಓದುಗರು ಮಾಡುವುದೂ ಇದನ್ನೇ. ಆದರೆ ದೊಡ್ಡದು ಮಾಡಿದ ಕೂಡಲೇ ಸಾಲು ಕಡಿಮೆಯಾಗುತ್ತದೆ. ಒತ್ತಿಗೆ ಜಾಗ ಬಿಡಬೇಕಾದ್ದರಿಂದ 16 ಪಿಕ್ಸೆಲಿನ ಕನ್ನಡಕ್ಕೆ ಸಾಲಿಗೊಂದು 25 ಪಿಕ್ಸೆಲ್ ಬೇಕು. 768ರ ಪರದೆಯಲ್ಲಿ ಮೇಲಿನ ಪಟ್ಟಿಗಳು, ಕೆಳಗಿನ ಟಾಸ್ಕ್‌ಬಾರ್ ಕಳೆದು ಐನೂರು ಉಳಿಯಿತು ಎನ್ನಿ, ಇಪ್ಪತ್ತು ಸಾಲು. ಅಕ್ಷರ ಒಂದೂವರೆ ಪಟ್ಟಾದರೆ ಹದಿಮೂರೇ ಸಾಲು. ಪರದೆಯ ಎರಡೂ ಪಕ್ಕದಲ್ಲಿ ಮಾತ್ರ ಬಯಲು ಬಿದ್ದಿರುತ್ತದೆ.

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪುಸ್ತಕ ಹೊರಡಿಸುತ್ತದೆ, ಅವು ಪಿಡಿಎಫ್ ರೂಪದಲ್ಲೂ ಸಿಗುತ್ತವೆ. ಅಂಥ ಒಂದು ಪುಟವನ್ನು ಪೂರ್ತಿ ಕಾಣುವಂತೆ 768ರ ಪರದೆಗೆ ಹೊಂದಿಸಿ ನೋಡಿ. ಎ4 ಎತ್ತರದ ಪುಟ 600 ಪಿಕ್ಸೆಲ್‌ಗೆ ಇಳಿದರೆ ಇಂಚಿಗೆ 51 ಪಿಕ್ಸೆಲ್. 12 ಪಾಯಿಂಟಿನ ಅಕ್ಷರಕ್ಕೆ ಎಂಟೂವರೆ. ಅಲ್ಲಿಗೆ 1981ರ ಎಂಟರ ಮನೆಗೇ ವಾಪಸು ಬಂದೆವು. ದಿನಪತ್ರಿಕೆಯ ಇ-ಪೇಪರಿನ ಪುಟಕ್ಕೆ ಇದಕ್ಕಿಂತ ಕೆಟ್ಟ ಗತಿ. ಪುಟದ ಅಂದ, ಚಿತ್ರದ ಜಾಗ, ಪಕ್ಕದ ಪಟ್ಟಿ ಎಲ್ಲ ಒಮ್ಮೆಗೆ ನೋಡಬೇಕಾದ ಮಗು ಕಿಟಕಿಯ ಸಂದಿಯಿಂದ ನೋಡಿದಂತೆ ತುಂಡು ತುಂಡಾಗಿ ಓದುತ್ತದೆ.

ಮಿತಿ ಇರುವುದು ಸರಪಳಿಯಲ್ಲಿ

ಮೂರನೆಯ ಪಂಥ ರಿಪೇರಿ ಅಂಗಡಿಯವರದು, ಕಾಲೇಜಿನ ಪ್ರಯೋಗಾಲಯ ನೋಡಿಕೊಳ್ಳುವವರದು. ಅವರಿಗೆ ಕಣ್ಣಿನ ವಿಜ್ಞಾನ, ಲಿಪಿಯ ಜಗಳ ಎರಡೂ ಬೇಡ. ಪರದೆ ಎಷ್ಟೇ ಇರಲಿ, ಕಂಪ್ಯೂಟರ್ ಅದಕ್ಕೆ ಎಷ್ಟು ಕಳಿಸುತ್ತಿದೆ ನೋಡಿ ಎನ್ನುತ್ತಾರೆ. ‘ಸರ್, ಅಕ್ಷರೆಲ್ಲ ದಪ್ಪ ದಪ್ಪ ಕಾಣಾಕತ್ತಾವ್ರೀ’ ಎಂದು ಬರುವ ಗಿರಾಕಿಯ ಯಂತ್ರದಲ್ಲಿ ಬಹಳ ಸಲ ಇರುವ ದೋಷ ಒಂದೇ: ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಗ್ರಾಫಿಕ್ಸ್ ಡ್ರೈವರ್ ಹಾಕಿಲ್ಲ. ಆಗ ಮೈಕ್ರೋಸಾಫ್ಟ್‌ನ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಕೆಲಸ ನಡೆಸುತ್ತದೆ, ರೆಸಲ್ಯೂಶನ್ ಆಯ್ಕೆಗಳು ಮಾಯವಾಗುತ್ತವೆ. ಎಲ್‌ಸಿಡಿ ಪರದೆಗೆ ತನ್ನದೇ ಪಿಕ್ಸೆಲ್ ಸಂಖ್ಯೆ ಬಿಟ್ಟು ಬೇರೆ ಯಾವುದನ್ನು ಕೊಟ್ಟರೂ ಹಿಗ್ಗಿಸಿ ಮಸುಕು ಮಾಡುತ್ತದೆ. ಹಳೆಯ ಗಾಜಿನ ಕೊಳವೆಯ ಮಾನಿಟರಿಗೆ ಈ ಹಟ ಇರಲಿಲ್ಲ.

ಹೊರಗಿನ ಪರದೆಗೆ ಜೋಡಿಸಿದಾಗ ಸರಪಳಿ ಇನ್ನಷ್ಟು ಉದ್ದ. ಮಾನಿಟರು ಅಥವಾ ಪ್ರೊಜೆಕ್ಟರು ತನ್ನ ಸಾಮರ್ಥ್ಯವನ್ನು ಇಡಿಐಡಿ ಎಂಬ ಪುಟ್ಟ ಮಾಹಿತಿಯಾಗಿ ಹೇಳುತ್ತದೆ; 1994ರಿಂದ ಈ ಪದ್ಧತಿಯಿದೆ. ಹಳೆಯ ವಿಜಿಎ ಕೇಬಲ್‌ನಲ್ಲಿ ಈ ಮಾತು ಸಾಗುವುದು 12 ಮತ್ತು 15ನೇ ಪಿನ್ನಿನಲ್ಲಿ. ಪಿನ್ನು ಮುರಿದರೆ ಚಿತ್ರ ಬರುತ್ತದೆ, ಗುರುತು ಬರುವುದಿಲ್ಲ. ಲ್ಯಾಪ್‌ಟಾಪ್ ಅಂಜಿಕೊಂಡು 1024×768ಕ್ಕೋ ಅದಕ್ಕೂ ಕೆಳಗೋ ನಿಲ್ಲುತ್ತದೆ. ಸಭಾಂಗಣಗಳ ಹಳೆಯ ಪ್ರೊಜೆಕ್ಟರುಗಳು ಹೇಗೂ 1024×768ರವು. ಎರಡೂ ಪರದೆಯಲ್ಲಿ ಒಂದೇ ಚಿತ್ರ ಎಂದು ಆರಿಸಿದರೆ ಒಳ್ಳೆಯ ಲ್ಯಾಪ್‌ಟಾಪೂ ಆ ಮಟ್ಟಕ್ಕೆ ಇಳಿಯುತ್ತದೆ. ಎಚ್‌ಡಿಎಂಐಯಲ್ಲೂ ತಲೆಮಾರುಗಳಿವೆ: 2009ರ 1.4 ಆವೃತ್ತಿ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು, 2013ರ 2.0 ಆವೃತ್ತಿ 60 ಸಲ. ಮೌಸ್ ತಡವರಿಸುತ್ತದೆ ಎಂದು ದೂರುವವರು ನೋಡಬೇಕಾದದ್ದು ಈ ಸಂಖ್ಯೆಯನ್ನು.

ಈ ಪಂಥ ಎತ್ತುವ ನಿಜವಾಗಿ ಕಠಿಣ ಪ್ರಶ್ನೆ ಸ್ಕೇಲಿಂಗ್‌ದು. 1920×1080 ಪರದೆಯಲ್ಲಿ ಎಲ್ಲವೂ ಸಣ್ಣದಾಗುವುದರಿಂದ ವಿಂಡೋಸ್ 125 ಅಥವಾ 150 ಶೇಕಡಾ ಹಿಗ್ಗಿಸುತ್ತದೆ. 150ಕ್ಕೆ ಹಿಗ್ಗಿಸಿದರೆ ತಂತ್ರಾಂಶದ ಕಣ್ಣಿಗೆ ಪರದೆ 1280×720ರದಾಗಿ ಕಾಣುತ್ತದೆ. ಅಕ್ಷರ ನಯವಾಯಿತು, ಜಾಗ ಮಾತ್ರ ಹಳೆಯ 768ಕ್ಕಿಂತಲೂ ಕಡಿಮೆ! 768ರ ಪರದೆಯನ್ನೇ 125ಕ್ಕೆ ಹಿಗ್ಗಿಸಿದರೆ ಎತ್ತರ 614 ಉಳಿಯುತ್ತದೆ. ‘ಓಕೆ’ ಗುಂಡಿ ಪರದೆಯ ಕೆಳಗೆ ಮುಳುಗಿ ಕೈಗೆ ಸಿಗದಿರುವುದು ಆಗಲೇ. ಹೊಸ ಪರದೆಯ ಸಾಂದ್ರತೆಯ ಅರಿವಿಲ್ಲದೆ ಬರೆದ ಹಳೆಯ ತಂತ್ರಾಂಶಗಳನ್ನು ವಿಂಡೋಸ್ ಚಿತ್ರದಂತೆ ಎಳೆದು ತೋರಿಸುತ್ತದೆ, ಎಲ್ಲ ಮಂಜು. ಹಳೆಯ ಟೈಪಿಂಗ್ ತಂತ್ರಾಂಶವನ್ನೇ ನೆಚ್ಚಿಕೊಂಡವರು ಹೊಸ ಲ್ಯಾಪ್‌ಟಾಪ್ ಕೊಂಡು ‘ಮೊದಲಿನದೇ ಚೆನ್ನಾಗಿತ್ತು’ ಎಂದರೆ ಅದು ಹಟವಲ್ಲ.

ನಿಯಮ ಮಾಡುವವರೂ ಈ ಸರಪಳಿಯ ಒಂದು ಕೊಂಡಿ. ವಿಂಡೋಸ್ 8ರ ಹೊಸ ಬಗೆಯ ಆ್ಯಪ್‌ಗಳು 1024×768ಕ್ಕಿಂತ ಕಡಿಮೆ ಇದ್ದರೆ ತೆರೆಯುತ್ತಲೇ ಇರಲಿಲ್ಲ. 600 ಸಾಲಿನ ನೆಟ್‌ಬುಕ್ ಕೊಂಡವರು ಹೊರಗುಳಿದರು. 2021ರ ವಿಂಡೋಸ್ 11 ಕೇಳುವ ಕನಿಷ್ಠ 720 ಸಾಲು. ಕನ್ನಡಕ್ಕೆ 720 ಸಾಲು ಸಾಕೇ ಎಂದು ಆ ನಿಯಮ ಬರೆದವರು ಕೇಳಿಕೊಂಡಿರಲಾರರು.

ಕಿಸೆ ಮತ್ತು ಬ್ಯಾಟರಿ

ನಾಲ್ಕನೆಯ ವಾದಕ್ಕೆ ಹೆಚ್ಚು ವಿವರಣೆ ಬೇಡ. 1366×768ರಲ್ಲಿ ಹತ್ತು ಲಕ್ಷ ಚಿಲ್ಲರೆ ಪಿಕ್ಸೆಲ್, 1080ರಲ್ಲಿ ಇಪ್ಪತ್ತು ಲಕ್ಷ ದಾಟಿ, 4ಕೆಯಲ್ಲಿ ಎಂಬತ್ತು ಲಕ್ಷ ದಾಟಿ. ಪಿಕ್ಸೆಲ್ ದಟ್ಟವಾದಷ್ಟೂ ಹಿಂದಿನ ಬೆಳಕು ತೂರಿಬರಲು ಜಾಗ ಕಡಿಮೆ, ದೀಪ ಹೆಚ್ಚು ಉರಿಯಬೇಕು. ಒಂದೇ ಮಾದರಿಯ ಲ್ಯಾಪ್‌ಟಾಪಿನಲ್ಲಿ 4ಕೆ ಪರದೆ ಆರಿಸಿದವರ ಬ್ಯಾಟರಿ ಮೊದಲೇ ಮುಗಿಯುತ್ತದೆ. ಲೋಡ್‌ಶೆಡ್ಡಿಂಗ್ ಕಂಡ ಮರಾಠವಾಡದಲ್ಲಿ ಇದನ್ನು ಶೋಕಿಯ ಮಾತೆಂದು ತಳ್ಳಿಹಾಕಲಾಗದು. ಈ ಪಂಥ 1080ರಲ್ಲಿ ನಿಲ್ಲಿ ಎನ್ನುತ್ತದೆ, ಅಲ್ಲಿಯವರೆಗೆ ನನಗೂ ಒಪ್ಪಿಗೆ. ಅದಕ್ಕಿಂತ ಕೆಳಗೆ ಇಳಿದರೂ ನಡೆದೀತು ಎಂದು ಕೆಲವರು ಸೇರಿಸುತ್ತಾರೆ. ಅವರು ಇಂಗ್ಲಿಷ್ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ.

ಇನ್ನೂ ಬಗೆಹರಿಯದ್ದು

ಮೂರು ಸಂಗತಿ ಬಾಕಿ ಇವೆ. ಕಣ್ಣಿನ ಮಿತಿಯನ್ನು ಪ್ರಯೋಗಾಲಯಗಳು ಗೆರೆಗಳ ಜಾಲರಿಯಿಂದ ಅಳೆಯುತ್ತವೆ. ರೋಮನ್ ಓದಿನ ವೇಗಕ್ಕೂ ಅಕ್ಷರದ ಗಾತ್ರಕ್ಕೂ ಇರುವ ಸಂಬಂಧದ ಮೇಲೆ ದಶಕಗಳ ಅಧ್ಯಯನವಿದೆ. ಒತ್ತಕ್ಷರವಿರುವ ಲಿಪಿಗೆ, ಅದರಲ್ಲೂ ಎರಡು ಮೂರು ಲಿಪಿಗಳ ನಡುವೆ ದಿನವಿಡೀ ಅಡ್ಡಾಡುವ ಓದುಗರಿಗೆ ಎಷ್ಟು ಸಾಲು ಬೇಕು ಎಂಬ ಸಂಖ್ಯೆಯ ಮೇಲೆ ಒಮ್ಮತವಿಲ್ಲ. ಅದನ್ನು ಅಳೆಯಬೇಕಾದ ಜಾಗ ಬೆಂಗಳೂರಿಗಿಂತ ಹೆಚ್ಚಾಗಿ ಬೀದರ, ಉದಗೀರ, ಅಕ್ಕಲಕೋಟೆಗಳು.

ಎರಡನೆಯದು ಅಕ್ಷರ ವಿನ್ಯಾಸಕರ ಹೊಣೆ. ಮಂದ ಪರದೆಯಲ್ಲೂ ಗೆರೆ ಸರಿಯಾದ ಸಾಲಿನ ಮೇಲೆ ಕೂರುವಂತೆ ಫಾಂಟಿನೊಳಗೆ ಸೂಚನೆ ಬರೆಯುವ ಕೆಲಸವಿದೆ, ಅದಕ್ಕೆ ಹಿಂಟಿಂಗ್ ಎನ್ನುತ್ತಾರೆ. ಬಾಗುಗಳೇ ತುಂಬಿದ ಕನ್ನಡದಲ್ಲಿ ಅದು ಶ್ರಮದ, ಖರ್ಚಿನ ಕೆಲಸ. ದಟ್ಟ ಪರದೆ ಬಂದಮೇಲೆ ಇದು ಬೇಡ ಎಂಬ ಅಭಿಪ್ರಾಯ ಬಲಿಯುತ್ತಿದೆ. ಆಪಲ್ 2018ರ ಮ್ಯಾಕ್‌ಓಎಸ್ ಮೊಹಾವಿಯಲ್ಲಿ ಮೂರು ಪಟ್ಟಿಗಳ ಉಪಾಯವನ್ನೂ ಕೈಬಿಟ್ಟಿತು. ಒಳ್ಳೆಯ ಪರದೆ ಇದ್ದವರಿಗೆ ಇದರಿಂದ ನಷ್ಟವಿಲ್ಲ. ಹಳೆಯ ಪರದೆಯಲ್ಲೇ ಇನ್ನೂ ಐದಾರು ವರ್ಷ ಕಳೆಯಬೇಕಾದವರ ಅಕ್ಷರ ಮಾತ್ರ ಮೊದಲಿಗಿಂತ ಕೆಡುತ್ತದೆ. ಅವರಿಗಾಗಿ ದುಡಿಯಬೇಕೋ ಬೇಡವೋ ಎಂಬ ಪ್ರಶ್ನೆಗೆ ವಿನ್ಯಾಸಕರಲ್ಲೇ ಎರಡು ಮನಸ್ಸಿದೆ.

ಮೂರನೆಯದು ಆಕಾರ. ಇತ್ತೀಚೆಗೆ 1920×1200ರ 16:10 ಪರದೆಗಳು ಮರಳಿ ಬರುತ್ತಿವೆ. 2013ರ ಕ್ರೋಮ್‌ಬುಕ್ ಪಿಕ್ಸೆಲ್ 2560×1700ರ 3:2 ಪರದೆಯಲ್ಲಿ ಬಂದು, ಎತ್ತರ ಕೊಡುವುದು ಸಾಧ್ಯವೆಂದು ತೋರಿಸಿತ್ತು. ಅಗ್ಗದ ಲ್ಯಾಪ್‌ಟಾಪ್ ಇನ್ನೂ ಟಿವಿಯ ಆಕಾರಕ್ಕೇ ಅಂಟಿಕೊಂಡಿದೆ. ಶಾಲೆ ಕಾಲೇಜುಗಳಿಗೆ ಸರ್ಕಾರ ಕರೆಯುವ ಟೆಂಡರಿನಲ್ಲಿ ಇಂಚಿನ ಜೊತೆಗೆ ಕನಿಷ್ಠ ಸಾಲುಗಳ ಸಂಖ್ಯೆಯನ್ನೂ ಬರೆಯಬೇಕೋ ಎಂಬ ಚರ್ಚೆ ಎರಡೂ ರಾಜ್ಯಗಳಲ್ಲಿ ಶುರುವಾಗಬೇಕು.

ಅಲ್ಲಿಯವರೆಗೆ ಕೊಳ್ಳುವವರಿಗೆ ಒಂದು ಮಾತು. ‘ಎಚ್‌ಡಿ’ ಎಂದರೆ ಸಾಮಾನ್ಯವಾಗಿ 768, ‘ಫುಲ್ ಎಚ್‌ಡಿ’ ಎಂದರೆ 1080. ಚೀಟಿಯಲ್ಲಿ ಎರಡನೇ ಸಂಖ್ಯೆ ಓದಿ. ಅಂಗಡಿಯಲ್ಲೇ ಲ್ಯಾಪ್‌ಟಾಪ್ ತೆರೆಸಿ, ಕನ್ನಡದಲ್ಲಿ ‘ಮಹಾರಾಷ್ಟ್ರ’, ‘ಧಾರಾಶಿವ’, ‘ಭಾಲ್ಕಿ’ ಎಂದು 11 ಪಾಯಿಂಟಿನಲ್ಲಿ ಟೈಪಿಸಿ, ಒಂದು ಮೊಳ ದೂರ ಕೂತು ಓದಿ. ಒತ್ತು ಮತ್ತು ಮಹಾಪ್ರಾಣ ಸ್ಪಷ್ಟ ಕಾಣದಿದ್ದರೆ ಆ ಪರದೆ ಬೇಡ ಎನ್ನಿ, ಬೆಲೆ ಎಷ್ಟೇ ಇಳಿಸಿದರೂ.